ನಂಜುಂಡನವರ ಎರಡನೆಯ ದನಿ

ಕಾದ ಎಣ್ಣೆಗೆ ಸಾಸಿವೆ ಬಿದ್ದಾಗ ಬಾಣಲೆಯಿಂದ ಚಟಪಟನೆ ಏಳುವ ಸದ್ದಿದೆಯಲ್ಲ, ಆ ಸದ್ದಿನಲ್ಲಿ ಒಬ್ಬ ಮನುಷ್ಯ ಇಡೀ ಪತ್ರ ಓದಿ ಮುಗಿಸುತ್ತಾನೆ ಎಂದರೆ ನಂಬುವವರು ಕಡಿಮೆ. ವಡೋದರದ ಆ ಬ್ಯಾಂಕಿನ ಶಾಖೆಗೆ ಮೊದಲ ಸಲ ಬಂದವರಂತೂ ನಂಬಿದ್ದೇ ಇಲ್ಲ. ಕಿಟಕಿಯ ಪಕ್ಕದ ಮೇಜಿನ ಹಿಂದೆ, ಕತ್ತನ್ನು ಎಡಕ್ಕೆ ವಾಲಿಸಿ, ಆಳದ ಬಾವಿಯಲ್ಲಿ ಕೊಡ ತುಂಬುವ ಸದ್ದಿಗೆ ಕಿವಿಗೊಟ್ಟವರಂತೆ ಕೂತಿರುವ ಐವತ್ತೆರಡರ ನಂಜುಂಡನವರ ಮುಂದೆ ಲ್ಯಾಪ್‌ಟಾಪೊಂದು ಒಂದೇ ಸಮನೆ ಸಿಡಿಯುತ್ತಿರುತ್ತದೆ. ಗ್ರಾಹಕರು ಬರೆದ ದೂರುಗಳನ್ನು ಅದು ಮಿಂಚಿನ ವೇಗದಲ್ಲಿ ಅವರಿಗೆ ಓದಿ ಹೇಳುತ್ತದೆ. ಕಣ್ಣಿದ್ದವರ ಕಿವಿಗೆ ಅದು ಭಾಷೆಯೇ ಅಲ್ಲ, ಒಗ್ಗರಣೆ. ನಂಜುಂಡನವರ ಕಣ್ಣು ಒಂಬತ್ತನೆಯ ವಯಸ್ಸಿನಲ್ಲಿ ಒಂದು ಜ್ವರದ ಬೆನ್ನುಹತ್ತಿ ಹೋಯಿತು. ಅಂದಿನಿಂದ ಕಿವಿಯೇ ಅವರಿಗೆ ಕಣ್ಣು, ದೀಪ, ದಾರಿ ಎಲ್ಲವೂ. ಪತ್ರ ಮುಗಿದೊಡನೆ ಅವರು ಎದುರಿಗೆ ಕೂತ ಗ್ರಾಹಕನಿಗೆ, ‘ನಿಮ್ಮ ದೂರಿನ ಮೂರನೆಯ ಸಾಲಿನಲ್ಲಿ ತಾರೀಖು ತಪ್ಪಿದೆ’ ಎಂದು ತಿಳಿಹಿಂದಿಯಲ್ಲಿ ಹೇಳುವಾಗ ಆತ ತನ್ನ ಕೈಯ ಕಾಗದವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡುತ್ತಾನೆ.

ವಡೋದರದ ಬಿಸಿಲು ಡಾಂಬರು ಕರಗಿಸುವ ದಿನಗಳಲ್ಲೂ ಅವರ ಮೈಮೇಲಿಂದ ಕಂದು ಬಣ್ಣದ ಅರೆತೋಳಿನ ಕೋಟು ಇಳಿಯುವುದಿಲ್ಲ. ಅದರಲ್ಲಿ ಎಂಟು ಜೇಬು. ಒಂದೊಂದು ಜೇಬಿಗೂ ಒಂದೊಂದು ಹೊಣೆ: ಮನೆಯ ಬೀಗದಕೈ ಬಲಕ್ಕೊಂದು, ಅದರದೇ ಜೋಡಿ ಎಡಕ್ಕೊಂದು, ಮಡಚುವ ಬಿಳಿಕೋಲು ಕೈಯಲ್ಲಿದ್ದರೂ ಒಳಜೇಬಿನಲ್ಲಿ ಮತ್ತೊಂದು. ಒಂದನ್ನು ಕೊಟ್ಟ ಯಾರಿಗೇ ಆಗಲಿ ಅವರು ಕೇಳುವ ಪ್ರಶ್ನೆ ಒಂದೇ: ‘ಇನ್ನೊಂದು?’ ಅವರ ಮನೆಯಿರುವ ಮಂಜಲ್‌ಪುರದ ಆಟೋದವರಿಗೆ ಅದು ಬಾಯಿಪಾಠ. ದಾರಿ ಹೇಳಿದರೆ ಇನ್ನೊಂದು ದಾರಿ ಯಾವುದೆಂದು ಕೇಳುತ್ತಾರೆ, ಹೋಗುವುದು ಮಾತ್ರ ಮೊದಲಿನದರಲ್ಲೇ. ಅವರ ಹೆಂಡತಿ ಸುಶೀಲಾ ಬಂದವರಿಗೆ ಕಾಫಿ ಕೊಡುತ್ತಾ ಹೇಳುವುದುಂಟು: ‘ಇವರಿಗೆ ಎಲ್ಲಾದರಲ್ಲೂ ಎರಡೆರಡು ಬೇಕು ಕಣ್ರೀ. ನನ್ನ ವಿಷಯದಲ್ಲಿ ಮಾತ್ರ ಒಂದಕ್ಕೇ ಸುಸ್ತಾಗಿ ಬಿಟ್ಟಿದಾರೆ.’

ಎರಡೆರಡರ ಈ ಚಟ ಲ್ಯಾಪ್‌ಟಾಪಿನೊಳಕ್ಕೂ ಹೊಕ್ಕಿತ್ತು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಎಲ್ಲರಲ್ಲಿ ಒಂದಿದ್ದರೆ ಇವರದರಲ್ಲಿ ಎರಡು. ಊರೆಲ್ಲ ಬಳಸುವ, ಬ್ಯಾಂಕು ಒಪ್ಪಿದ ಸಿಸ್ಟಮ್ಮಿಗೆ ಅವರಿಟ್ಟ ಹೆಸರು ದೊಡ್ಡಯ್ಯ. ಪುಕ್ಕಟೆ ಸಿಕ್ಕುವ, ತಾವೇ ತಡಕಾಡಿ ಕಲಿತು ಪಕ್ಕದಲ್ಲಿ ಕೂರಿಸಿಕೊಂಡ ಲಿನಕ್ಸಿಗೆ ಚಿಕ್ಕಯ್ಯ. ಇಬ್ಬರಿಗೂ ಪರದೆಯನ್ನು ಓದಿ ಹೇಳುವ ದನಿಯುಂಟು. ದೊಡ್ಡಯ್ಯನದು ಗಟ್ಟಿದನಿ, ಚಿಕ್ಕಯ್ಯನದು ಮೂಗಿನ ದನಿ. ಯಂತ್ರ ಹಚ್ಚಿದೊಡನೆ ಇಬ್ಬರಲ್ಲಿ ಯಾರು ಬೇಕೆಂದು ಕೇಳುವ ಒಂದು ಪಟ್ಟಿ ಪರದೆಯ ಮೇಲೆ ಮೂಡುತ್ತದೆ. ಆ ಪಟ್ಟಿಗೆ ಮಾತ್ರ ಬಾಯಿಲ್ಲ. ಅದಕ್ಕೇ ನಂಜುಂಡನವರು, ಪಟ್ಟಿ ಬಂದ ಕ್ಷಣ ಯಂತ್ರದ ಹೊಟ್ಟೆಯೊಳಗಿಂದ ಮೂರು ಸಲ ಕೀಂ ಕೀಂ ಕೀಂ ಎಂಬ ಕೂಗು ಏಳುವಂತೆಯೂ, ಆಮೇಲೆ ಮೂವತ್ತು ಸೆಕೆಂಡು ಪಟ್ಟಿ ಕಾಯುವಂತೆಯೂ ಮಾಡಿಕೊಂಡಿದ್ದರು. ಸುಮ್ಮನಿದ್ದರೆ ದೊಡ್ಡಯ್ಯ ಏಳುತ್ತಾನೆ. ಕೆಳಬಾಣದ ಗುಂಡಿಯನ್ನು ಮೂರು ಸಲ ಒತ್ತಿ ಪಟ್ಟಿಯ ಕೊನೆಗೆ ಹೋಗಿ ಎಂಟರ್ ಹೊಡೆದರೆ ಚಿಕ್ಕಯ್ಯ.

ಶಾಖೆಯಲ್ಲಿ ಇದೊಂದು ನಗೆಯ ಸರಕು. ‘ಬೇ ಬೈರೀನೋ ಧಣಿ ಆವ್ಯೋ!’ ಎಂದು ಪಕ್ಕದ ಮೇಜಿನ ಮಂಥನ್‌ಭಾಯಿ ದಿನಾ ಬೆಳಿಗ್ಗೆ ಕೂಗುತ್ತಿದ್ದ. ಇಬ್ಬರು ಹೆಂಡಿರ ಗಂಡ ಬಂದ ಎಂದು ಅರ್ಥ. ನಂಜುಂಡನವರು ಕೋಲು ಮಡಚುತ್ತಾ, ‘ನಿನಗೇನಪ್ಪ, ಮನೆಯಾಕೆ ಮಾತು ಬಿಟ್ಟರೆ ಮುಖ ನೋಡಿ ತಿಳ್ಕೋತೀಯ. ನಾನು ಏನು ನೋಡಲಿ?’ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆ ಉತ್ತರದಲ್ಲಿ ನಗೆಯ ಪಾಲು ಅರ್ಧವೇ ಎಂಬುದನ್ನು ತಿಳಿಯಲು ಅವರ ಹಳೆಯ ಮೂರು ದಿನಗಳ ಕಥೆ ಗೊತ್ತಿರಬೇಕು.

ಕೆಲಸಕ್ಕೆ ಸೇರಿದಾಗ ಅವರಿಗೆ ಕೊಟ್ಟದ್ದು ಟೆಲಿಫೋನು. ಕಣ್ಣಿಲ್ಲದವರನ್ನು ಟೆಲಿಫೋನಿನ ಮುಂದೆ ಕೂರಿಸುವುದು ಆಗಿನ ಕಚೇರಿಗಳ ಪದ್ಧತಿ. ಅದು ದಯೆಯೆಂದೇ ಎಲ್ಲರೂ ತಿಳಿದಿದ್ದರು. ಎಂ.ಎ. ಪಾಸಾದ ಮನುಷ್ಯ ಹದಿನಾಲ್ಕು ವರ್ಷ ‘ಹಲೋ, ಯಾರು ಬೇಕಿತ್ತು?’ ಎಂದು ಕೇಳುತ್ತ ಕಳೆದರು. ಆಮೇಲೆ ಓದಿ ಹೇಳುವ ತಂತ್ರಾಂಶ ಬಂತು, ಅರ್ಜಿ ಹಾಕಿ ಹಾಕಿ ದೂರುಗಳ ಮೇಜು ಸಂಪಾದಿಸಿದರು. ಸಂಪಾದಿಸಿದ ಎರಡನೆಯ ತಿಂಗಳು ಒಂದು ಬೆಳಿಗ್ಗೆ ಯಂತ್ರ ಯಾವುದೋ ಅಪ್‌ಡೇಟ್ ಮಾಡಿಕೊಂಡು ಎದ್ದಿತು, ಎದ್ದು ಮೂಕಾಯಿತು. ಪರದೆಯ ಮೇಲೆ ಎಲ್ಲವೂ ಇತ್ತಂತೆ, ಹೂವಿನ ಚಿತ್ರ ಕೂಡ. ರಿಪೇರಿಯವನು ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ಮ್ಯಾನೇಜರು, ಬಹಳ ಮೆಲುದನಿಯಲ್ಲಿ, ‘ಸುಮ್ಮನೆ ಕೂರೋ ಬದಲು ಟೆಲಿಫೋನ್ ನೋಡ್ಕೊಳ್ಳಿ’ ಎಂದರು. ಹಳೆಯ ಕುರ್ಚಿ, ಹಳೆಯ ಕುಳಿ, ಕೂತರೆ ಮೈ ತಾನಾಗಿ ಹೊಂದಿಕೊಂಡಿತು. ಆ ಹೊಂದಿಕೆಯೇ ಅವರನ್ನು ಹೆದರಿಸಿದ್ದು. ನಾಲ್ಕನೆಯ ದಿನ ಅವರು ಎರಡನೆಯ ಸಿಸ್ಟಮ್ ಹಾಕುವುದು ಹೇಗೆಂದು ಕಲಿಯತೊಡಗಿದರು.

ಈ ಕಥೆ ದೀಪ್ತಿಗೆ ಗೊತ್ತಿರಲಿಲ್ಲ. ದೀಪ್ತಿ ಅದೇ ಬ್ಯಾಂಕಿನ ಅಹಮದಾಬಾದ್ ಕಚೇರಿಯ ಕಂಪ್ಯೂಟರ್ ಅಧಿಕಾರಿ. ದಾವಣಗೆರೆಯಿಂದ ಸಂಶೋಧನಾಲಯದ ಕೆಲಸಕ್ಕೆ ಬಂದು ನೆಲೆಸಿದವರ ಮಗಳು. ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದು. ಕನ್ನಡ ಅವಳ ಬಾಯಲ್ಲಿ ಹಿಂದಿ ಗುಜರಾತಿಗಳ ನಡುವೆ ಜಾಗ ಮಾಡಿಕೊಂಡು ನಿಲ್ಲುತ್ತಿತ್ತು. ವಡೋದರದ ಶಾಖೆಗೆ ಬಂದಾಗಲೆಲ್ಲ ನಂಜುಂಡನವರ ಮೇಜಿನ ಬಳಿ ಕೂತು ಆ ಕನ್ನಡವನ್ನು ಗಾಳಿಗೆ ಹಾಕಿಕೊಳ್ಳುವುದು ಅವಳಿಗೆ ಪ್ರಿಯ.

ಹೀಗಿರುವಾಗ ಸೂರತ್‌ನ ವಲಯ ಕಚೇರಿಗೆ ಹೊಸ ಮುಖ್ಯಸ್ಥರು ಬಂದರು. ಬಂದವರೇ ಒಂದು ಪತ್ರ ಹೊರಡಿಸಿದರು: ದೂರುಗಳ ಮೇಜಿನಲ್ಲಿ ಕೂರುವ ದೃಷ್ಟಿಹೀನ ನೌಕರರು, ಯಾರ ನೆರವೂ ಇಲ್ಲದೆ ಮೂರು ದೂರುಗಳನ್ನು ಓದಿ ಮೂವತ್ತು ನಿಮಿಷದಲ್ಲಿ ಉತ್ತರ ಬರೆದು ತೋರಿಸಬೇಕು, ಆಗದಿದ್ದರೆ ‘ಸೂಕ್ತವಾದ ಬೇರೆ ಕೆಲಸ’. ಆ ಮಾತಿನ ಅರ್ಥ ಟೆಲಿಫೋನು. ವಲಯದಲ್ಲಿ ಅಂಥ ನೌಕರರೆಂದರೆ ನಂಜುಂಡನವರೊಬ್ಬರೇ. ಯಂತ್ರದಲ್ಲಿ ಕಣ್ಕಟ್ಟಿಲ್ಲವೆಂದು ಸಾಕ್ಷಿ ಹೇಳಲು ದೀಪ್ತಿಯನ್ನು ನೇಮಿಸಿದರು.

ಪರೀಕ್ಷೆಗೆ ವಾರವಿದ್ದಾಗ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿತು. ದೀಪ್ತಿ, ‘ಅಹಮದಾಬಾದ್ ನವರಂಗಪುರದಲ್ಲಿ ನಮಗೆ ಪಕ್ಕಾ ಗೊತ್ತಿರೋ ಅಂಗಡಿ ಇದೆ ಅಂಕಲ್, ಕೊಡಿ’ ಎಂದು ಒಯ್ದಳು. ಅವರು ಪಾಸ್‌ವರ್ಡೂ ಕೊಟ್ಟರು. ಅಂಗಡಿಯಲ್ಲಿ ಬ್ಯಾಟರಿ ಬದಲಾಯಿಸಿ ಹಚ್ಚಿ ನೋಡಿದಾಗೆಲ್ಲ ಅದು ಕೀಂ ಕೀಂ ಎಂದು ಕೂಗುವುದು, ಮೂವತ್ತು ಸೆಕೆಂಡು ಆ ಪಟ್ಟಿ ಪರದೆಯ ಮೇಲೆ ಸುಮ್ಮನೆ ನಿಂತಿರುವುದು. ಅವಳ ಸ್ವಭಾವವೋ, ಇನ್ನೊಬ್ಬರ ಮನೆಯ ಕನ್ನಡಿಯಲ್ಲಿ ಕಲೆ ಕಂಡರೂ ಸೆರಗಿನಿಂದ ಒರೆಸುವಂಥದ್ದು. ಕೂಗು ತೆಗೆದಳು. ಮೂವತ್ತು ಸೆಕೆಂಡನ್ನು ಮೂರಕ್ಕಿಳಿಸಿದಳು. ಅಂಕಲ್‌ಗೆ ದಿನಾ ಅರ್ಧ ನಿಮಿಷ ಉಳಿಯಿತು ಎಂದು ಖುಷಿಪಟ್ಟಳು, ಹೇಳಬೇಕಾದಷ್ಟು ದೊಡ್ಡ ಸಂಗತಿ ಎಂದು ಅನಿಸದೆ ಮರೆತಳು. ಇತ್ತ ಅಂಗಡಿಯ ಇಂಟರ್‌ನೆಟ್ಟಿನಿಂದ ದೊಡ್ಡಯ್ಯ ಸದ್ದಿಲ್ಲದೆ ಒಂದು ಅಪ್‌ಡೇಟನ್ನು ಒಳಗಿಳಿಸಿಕೊಂಡಿದ್ದ; ಮುಂದೆ ಯಂತ್ರವನ್ನು ಆರಿಸಿ ಹಚ್ಚಿದಾಗ ಅದು ಮೈಗೂಡಬೇಕಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಪರೀಕ್ಷೆಯ ದಿನ ಬೆಳಗಿನ ರೈಲಿಗೆ ಅವಳು ಅಹಮದಾಬಾದಿನಲ್ಲಿ ಹತ್ತಿದಳು, ಅವರು ವಡೋದರದಲ್ಲಿ. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟಳು.

‘ಬ್ಯಾಟರಿ ಏಕ್‌ದಮ್ ಹೊಸದು ಅಂಕಲ್. ಆರು ತಿಂಗಳು ಗ್ಯಾರಂಟಿ.’

‘ಸರಿ. ಇನ್ನೊಂದು?’

‘ಇನ್ನೊಂದು ಬ್ಯಾಟರಿಯಾ! ಅಂಕಲ್, ನೀವು ಬಹುತ್ ಭಾರೀ ಇದೀರಿ.’

ನಿದ್ದೆಯಲ್ಲಿಟ್ಟಿದ್ದ ಯಂತ್ರ ಮುಚ್ಚಳ ತೆರೆದೊಡನೆ ದೊಡ್ಡಯ್ಯನ ದನಿಯಲ್ಲಿ ಸಿಡಿಯಿತು. ದೊಡ್ಡ ಕೆಲಸದ ಮುನ್ನ ಇಬ್ಬರನ್ನೂ ಎಬ್ಬಿಸಿ ಮಾತಾಡಿಸುವುದು ಅವರ ನೇಮ. ಅದಕ್ಕೆ ಯಂತ್ರವನ್ನು ಆರಿಸಿ ಹಚ್ಚಬೇಕು. ಬೆರಳು ಗುಂಡಿಯ ಮೇಲೆ ಹೋಗಿತ್ತು. ಅಷ್ಟರಲ್ಲಿ ಪಕ್ಕದ ಗುಜರಾತಿ ಅಜ್ಜಿ, ‘ಲೋ ಭಾಯಿ, ಖಾವೋ’ ಎಂದು ಥೇಪ್ಲಾ ಎಂಬ ಮೆಂತ್ಯದ ರೊಟ್ಟಿಯ ಡಬ್ಬಿಯನ್ನೇ ಆ ಗುಂಡಿಗಳ ಮೇಲಿಟ್ಟಳು. ಅವರು ನಕ್ಕು ಮುಚ್ಚಳ ಹಾಕಿದರು. ಹದಿಮೂರು ವರ್ಷದಲ್ಲಿ ಆ ನೇಮ ತಪ್ಪಿದ್ದು ಅದೇ ಮೊದಲು.

ಸೂರತ್‌ನ ಆ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಮೂಲೆಯಲ್ಲಿ ಎ.ಸಿ. ಪರೀಕ್ಷಕ ಅಜಯ್‌ಭಾಯಿ ಕೆಟ್ಟವರಲ್ಲ; ನಮೂನೆಯಲ್ಲಿ ಖಾನೆಯಿದ್ದರೆ ಅದನ್ನು ತುಂಬಲೇಬೇಕೆಂಬ ಜಾತಿಯವರು. ಅವರ ಕೈಯ ನಮೂನೆಯಲ್ಲಿ ಒಂದು ಖಾನೆ: ‘ನೆರವು ಪಡೆದರೇ?’ ಅದರ ಕೆಳಗೆ ಹೌದು, ಇಲ್ಲ. ದೀಪ್ತಿಗೆ ಅವರು ಮೊದಲೇ ಹೇಳಿದರು: ‘ಮೇಡಂ, ನೀವು ಒಂದಕ್ಷರ ಆಡಿದರೂ ನಾನು ಹೌದು ಅಂತ ಬರೀಬೇಕಾಗುತ್ತೆ.’ ಆಮೇಲೆ ನಂಜುಂಡನವರಿಗೆ: ‘ಯಂತ್ರ ಪೂರಾ ಆರಿಸಿ ಹೊಸದಾಗಿ ಶುರು ಮಾಡಿ. ಮೊದಲೇ ಏನೂ ತೆರೆದಿಟ್ಟಿಲ್ಲ ಅಂತ ನಾನು ನೋಡಬೇಕು. ಹೊತ್ತು ಈಗಿಂದ.’

ನಂಜುಂಡನವರು ಆರಿಸಿ ಹಚ್ಚಿದರು. ಕೋಣೆಯಲ್ಲಿ ಎ.ಸಿ.ಯ ಗೊರಕೆ ಬಿಟ್ಟರೆ ಸದ್ದಿಲ್ಲ. ಪರದೆಯ ಮೇಲೆ ನೀಲಿ ಚಕ್ರವೊಂದು ತಿರುಗುತ್ತಿರುವುದು ದೀಪ್ತಿಗೆ ಕಾಣುತ್ತಿತ್ತು, ಅಪ್‌ಡೇಟ್ ನಡೆಯುತ್ತಿದೆ ಎಂಬ ಬರಹವೂ. ಅವರಿಗೆ ಕಂಡದ್ದು ಮೌನವೊಂದೇ. ಏಳು ನಿಮಿಷ. ಆಮೇಲೆ ದೊಡ್ಡಯ್ಯ ಎದ್ದ, ಹೂವಿನ ಚಿತ್ರ ಬಂತು, ಮಾತಿಲ್ಲ. ನಂಜುಂಡನವರ ಬೆರಳು ದನಿ ಏರಿಸುವ ಗುಂಡಿಯ ಮೇಲೆ ಓಡಾಡಿತು, ಇನ್ನೆರಡು ಗುಂಡಿಗಳನ್ನು ಜೊತೆಗೂಡಿಸಿ ಒತ್ತಿತು. ಇಲ್ಲ. ಹಣೆಯಲ್ಲಿ ಬೆವರು ಮೂಡಿತು, ಎ.ಸಿ. ಕೋಣೆಯಲ್ಲಿ. ಆದರೂ ತುಟಿಯ ಮೂಲೆಯಲ್ಲಿ ಒಂದು ಧೈರ್ಯವಿತ್ತು. ಇಂಥ ದಿನಕ್ಕೆಂದೇ ಸಾಕಿದ ಚಿಕ್ಕಯ್ಯನಿದ್ದಾನಲ್ಲ. ಅವರು ಯಂತ್ರ ಆರಿಸಿ ಮತ್ತೆ ಹಚ್ಚಿದರು, ಕತ್ತು ವಾಲಿಸಿದರು, ಕೂಗಿಗಾಗಿ ಕಾದರು.

ಅವರು ಏನನ್ನು ಕಾಯುತ್ತಿದ್ದಾರೆಂದು ದೀಪ್ತಿಗೆ ಹೊಳೆದದ್ದು ಆ ವಾಲಿದ ಕತ್ತನ್ನು ನೋಡಿ. ಪಟ್ಟಿ ಬಂತು, ಮೂರು ಸೆಕೆಂಡು ನಿಂತಿತು, ಹೋಯಿತು. ಮತ್ತೆ ಹೂವಿನ ಚಿತ್ರ, ಮೂಕ ದೊಡ್ಡಯ್ಯ.

‘ಹದಿನೈದು ನಿಮಿಷ ಉಳಿದಿದೆ’ ಎಂದರು ಅಜಯ್‌ಭಾಯಿ.

ದನಿಯ ಜೊತೆಗೆ ಕೂಗೂ ಸತ್ತಿರಬಹುದು ಎಂದು ನಂಜುಂಡನವರು ಎಣಿಸಿರಬೇಕು. ಮೂರನೆಯ ಸಲ ಹಚ್ಚಿ, ಕೂಗಿಗೆ ಕಾಯದೆ, ತುಟಿಯಲ್ಲೇ ಲೆಕ್ಕ ಹಾಕತೊಡಗಿದರು. ಪಟ್ಟಿ ಬಂದಿರಲೇಬೇಕೆಂದು ನಂಬಿಕೆಯಾಗುವ ತನಕ ಎಣಿಸುವುದು, ಹೇಗೂ ಅದು ಅರ್ಧ ನಿಮಿಷ ಕಾಯುತ್ತದೆ. ಆ ತುಟಿಗಳು ಹತ್ತು, ಹನ್ನೊಂದು ಎಂದು ಅಲುಗುವುದನ್ನು ದೀಪ್ತಿ ನೋಡಿದಳು. ಪಟ್ಟಿ ಬಂದು ಹೋಗಿ ಆಗಿತ್ತು. ಹದಿನೈದಕ್ಕೆ ಅವರು ಕೆಳಬಾಣ ಮೂರು ಸಲ ಒತ್ತಿ ಎಂಟರ್ ಹೊಡೆದರು. ಹೊರಟುಹೋದ ಬಸ್ಸಿಗೆ ಕೈ ಅಡ್ಡ ಹಿಡಿದಂತೆ. ಬಾಗಿಲನ್ನು ತೆರೆದಿಟ್ಟುಕೊಂಡ ಮನುಷ್ಯನ ಬಾಗಿಲು ಮುಚ್ಚಿದ್ದು ತಾನು. ಅದನ್ನು ಹೇಳಲು ಒಂದು ವಾಕ್ಯ ಸಾಕು, ಆ ಒಂದು ವಾಕ್ಯಕ್ಕೆ ಅವರ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಅವಳು ಗೊತ್ತಿಲ್ಲದೆಯೇ ಕುರ್ಚಿಯಂಚಿಗೆ ಸರಿದಳು. ಕುರ್ಚಿ ಕಿರ್ರೆಂದಿತು.

‘ನಂಜುಂಡಭಾಯಿ, ಮದದ್ ಜೋಯಿಯೆ ಛೆ?’ ಅಜಯ್‌ಭಾಯಿಯ ದನಿ ನಿಜಕ್ಕೂ ಮೃದುವಾಗಿತ್ತು. ನೆರವು ಬೇಕೇ? ಪೆನ್ನು ಖಾನೆಯ ಮೇಲಿತ್ತು.

ನಂಜುಂಡನವರು ಕತ್ತನ್ನು ಪೂರಾ ದೀಪ್ತಿಯ ಕಡೆ ತಿರುಗಿಸಿದರು. ಕಿವಿಯಿಂದ ನೋಡುವುದೆಂದರೆ ಏನೆಂದು ಅವಳಿಗೆ ಆಗ ತಿಳಿಯಿತು. ಕುರ್ಚಿಯ ಆ ಕಿರುಗುಟ್ಟುವಿಕೆ, ಅವಳು ಎಳೆದು ಹೊರಬಿಡದ ಉಸಿರು, ಇಷ್ಟರಲ್ಲೇ ಅವರು ಇಡೀ ಪತ್ರ ಓದಿಬಿಟ್ಟಿದ್ದರು. ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ, ನಿಧಾನವಾಗಿ ಹೇಳಿದರು: ‘ನೆರವು ಬೇಡ. ಮೇಡಂ ಬಾಯಿ ತೆರೆದರೆ ಬರೆದುಕೊಳ್ಳಿ, ಅಜಯ್‌ಭಾಯಿ. ಆದರೆ ಅವರು ತೆರೆಯೋದಿಲ್ಲ.’

ಆಮೇಲೆ ಎರಡು ಕೈಯನ್ನೂ ಮೇಜಿನ ಮೇಲಿಟ್ಟು ಒಂದಿಷ್ಟು ಹೊತ್ತು ಏನೂ ಮಾಡದೆ ಕೂತರು. ಆ ಹೊತ್ತು ದೀಪ್ತಿಗೆ ಯುಗ. ಅವರೊಳಗೆ ನಡೆದದ್ದನ್ನು ಅವಳು ಆಮೇಲೆ ಬಿಡಿಸಿ ತಿಳಿದಳು. ಕಣ್ಣಿದ್ದವರ ಕೈ ಇಲ್ಲಿ ಆಡಿದೆ. ಕಣ್ಣಿದ್ದವರಿಗೆ ಬೇಸರ ತರುವುದು ಕಾಯುವುದು. ಹಾಗಾದರೆ ಕಾಯುವ ಹೊತ್ತನ್ನು ಕತ್ತರಿಸಿದ್ದಾರೆ. ಎಷ್ಟಕ್ಕೆ, ಗೊತ್ತಿಲ್ಲ. ಆದರೆ ಗುಂಡಿ ಒತ್ತುತ್ತಿರುವ ತನಕ ಆ ಪಟ್ಟಿ ಹೋಗುವುದಿಲ್ಲ. ಕೊನೆಯ ಸಾಲು ತಲುಪಿದ ಮೇಲೆ ಎಷ್ಟು ಒತ್ತಿದರೂ ಅದು ಕೊನೆಯ ಸಾಲೇ.

ಅವರು ಯಂತ್ರವನ್ನು ಮತ್ತೆ ಆರಿಸಿ, ಹಚ್ಚಿದ ಕ್ಷಣದಿಂದ ಕೆಳಬಾಣವನ್ನು ಟಕ ಟಕ ಟಕ ಟಕ ಒತ್ತತೊಡಗಿದರು, ಅಕ್ಕಿ ಕುಟುಕುವ ಗುಬ್ಬಿಯ ಹಾಗೆ, ನಿಲ್ಲಿಸದೆ. ಪಟ್ಟಿ ಬಂತು. ಬೆಳಕಿನ ಪಟ್ಟೆ ಜಾರಿ ಕೊನೆಯ ಸಾಲಿಗೆ ಹೋಗಿ ನಿಂತಿತು. ಟಕ ಟಕ ಟಕ. ಈಗ, ಈಗ ಎಂಟರ್, ಎಂದು ದೀಪ್ತಿ ಅಂಗೈಗೆ ಉಗುರು ಊರಿದಳು. ಅವರು ಇನ್ನೂ ಒತ್ತುತ್ತಿದ್ದರು, ಖಾತ್ರಿಗೆಂದು ಮತ್ತೂ ಹತ್ತು. ಆಮೇಲೆ ಎಂಟರ್.

ಪರದೆ ಕಪ್ಪಾಯಿತು. ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಮೂಗಿನ ದನಿಯೊಂದು, ನೆಗಡಿಯಾದ ಗುಮಾಸ್ತನ ಹಾಗೆ, ಸಿಡಿಯತೊಡಗಿತು.

‘ಹತ್ತು ನಿಮಿಷ’ ಎಂದರು ಅಜಯ್‌ಭಾಯಿ. ಹೇಳಿ ಪೆನ್ನಿಗೆ ಮುಚ್ಚಳ ಹಾಕಿದರು.

ಆ ಹತ್ತು ನಿಮಿಷ ನೋಡಬೇಕಿತ್ತು. ಪಿಂಚಣಿಯ ವಿಧವೆಯೊಬ್ಬಳ ಹೆಬ್ಬೆರಳಿನ ಗೆರೆ ಸವೆದು ಯಂತ್ರ ಅವಳನ್ನು ಗುರುತಿಸದ ದೂರು ಒಂದು, ಹೆಸರು ತಪ್ಪಾಗಿ ದಾಖಲಾದದ್ದು ಇನ್ನೊಂದು. ಎರಡಕ್ಕೂ ಉತ್ತರ ಮುಗಿಯಿತು. ಮೂರನೆಯದರ ಕೊನೆಯ ವಾಕ್ಯ ಅರ್ಧವಾಗಿದ್ದಾಗ ಹೊತ್ತು ಮುಗಿಯಿತು. ಅವರು ಒಂದಕ್ಷರ ಹೆಚ್ಚು ಒತ್ತದೆ ಕೈ ತೆಗೆದರು.

‘ನೀವು ಕೇಳುವ ವೇಗದಲ್ಲಿ ನನಗೆ ಒಂದು ಪದವೂ ತಿಳಿಯಲಿಲ್ಲ. ಸ್ವಲ್ಪ ನಿಧಾನವಾಗಿ ಓದಿಸಿ, ನಾನೂ ಕೇಳಬೇಕು’ ಎಂದರು ಅಜಯ್‌ಭಾಯಿ.

‘ನಿಮಗೆ ತಿಳಿಯೋ ವೇಗಕ್ಕೆ ಇಳಿಸಿದರೆ ನನಗೆ ನಿದ್ದೆ ಬರುತ್ತೆ, ಸಾಹೇಬ್ರೇ.’

ಅಜಯ್‌ಭಾಯಿ ನಕ್ಕರು, ಉತ್ತರಗಳನ್ನು ಎರಡೆರಡು ಸಲ ಓದಿದರು, ನಮೂನೆ ತುಂಬಿದರು. ನೆರವು: ಇಲ್ಲ. ಮೂರನೆಯ ಉತ್ತರ: ಅಪೂರ್ಣ. ಶಿಫಾರಸು: ಒಂದು ವರ್ಷ ಇದೇ ಮೇಜಿನಲ್ಲಿ ಮುಂದುವರಿಯಲಿ, ಆಮೇಲೆ ಮರುಪರೀಕ್ಷೆ.

ಸೂರತ್‌ನ ಪ್ಲಾಟ್‌ಫಾರ್ಮಿನಲ್ಲಿ ದೀಪ್ತಿಯ ಕನ್ನಡ ಪೂರಾ ಕೈಕೊಟ್ಟಿತು. ‘ನಾನು, ಅಂಕಲ್, ಅದು, ನಾನು ಬಸ್ ಸಾಫ್ ಮಾಡ್ದೆ. ನಿಮ್ಮ ಟೈಮ್ ಬಚ್ ಆಗ್ಲಿ ಅಂತ. ನನಗೆ ಖಬರೇ ಇರ್ಲಿಲ್ಲ.’

‘ಗೊತ್ತು.’

‘ನಿಮಗೆ ಕೋಪ ಬಂದಿದೆ.’

‘ಬಂದಿದೆ ಕಣಮ್ಮ. ಸುಳ್ಳು ಯಾಕೆ ಹೇಳಲಿ? ಜೀವಮಾನದಲ್ಲಿ ನನಗೆ ಕೆಟ್ಟದ್ದು ಮಾಡಿದೋರು ಇಬ್ಬರೋ ಮೂವರೋ. ಒಳ್ಳೇದು ಮಾಡೋಕೆ ಬಂದೋರ ಕಾಟವೇ ಜಾಸ್ತಿ. ರಸ್ತೆ ದಾಟಿಸ್ತೀನಿ ಅಂತ ತೋಳು ಹಿಡಿದು ನಾನು ಹೋಗಬಾರದ ಕಡೆ ಬಿಟ್ಟೋರು ಎಷ್ಟು ಜನ! ಅವರಿಗೆಲ್ಲ ಕೈ ಮುಗಿದು ಮತ್ತೆ ವಾಪಸ್ ದಾಟಿದೀನಿ.’

‘ಕೊಡಿ, ಈಗಲೇ ಮೊದಲಿನ ಥರ ಮಾಡಿಕೊಡ್ತೀನಿ.’ ಅವಳು ಚೀಲಕ್ಕೆ ಕೈ ಹಾಕಿದಳು.

ನಂಜುಂಡನವರು ಚೀಲವನ್ನು ಎದೆಗೆ ಒತ್ತಿಕೊಂಡರು. ‘ಮುಟ್ಟಬೇಡ’ ಎಂದರು, ಸ್ವಲ್ಪ ಗಟ್ಟಿಯಾಗಿಯೇ. ಆಮೇಲೆ ಮೆತ್ತಗೆ, ‘ಭಾನುವಾರ ಮನೆಗೆ ಬಾ. ನಾನು ಮಾಡ್ತೀನಿ, ನೀನು ಪಕ್ಕದಲ್ಲಿ ಕಣ್ಣು ಮುಚ್ಕೊಂಡು ಕೂತ್ಕೋ. ಸುಶೀಲಾ ಉಪ್ಪಿಟ್ಟು ಮಾಡ್ತಾಳೆ.’

ಹಿಂದಿರುಗುವ ರೈಲಿನಲ್ಲಿ ಅವರು ಕಿಟಕಿಗೆ ತಲೆಯಾನಿಸಿ ಸ್ವಲ್ಪ ಮಲಗಿದರು. ದೀಪ್ತಿ ಆ ಮುಖವನ್ನೇ ನೋಡುತ್ತ ಕೂತಳು. ಇಂಥವರನ್ನು ನಾವು ಸಂಶಯದವರು, ಪುಕ್ಕಲರು, ಒಂದನ್ನು ನಂಬದವರು ಎಂದು ನಗುತ್ತೇವೆ. ನಗಲು ನಮಗೆ ಸಲಿಗೆ ಸಿಕ್ಕಿದ್ದು, ಯಾರೋ ನಮ್ಮಂಥವರೇ ಕೂತು ನಮ್ಮ ಕಣ್ಣಳತೆಗೆ ಲೋಕವನ್ನು ಜೋಡಿಸಿಟ್ಟಿದ್ದಾರೆ ಎಂಬುದರಿಂದ. ಆ ಜೋಡಣೆ ಕೆಟ್ಟ ದಿನವೂ ನಮ್ಮ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ಯಂತ್ರ ಕೆಟ್ಟಿದೆ ಎಂದಷ್ಟೇ ಹೇಳುತ್ತಾರೆ. ಯಂತ್ರ ಕೆಟ್ಟರೆ ತಾವೇ ಕೆಟ್ಟವರೆಂದು ಬರೆಸಿಕೊಳ್ಳುವ ಒಂದು ಕುಲ ಮಾತ್ರ ನಮ್ಮ ನಡುವೆ ಸದ್ದಿಲ್ಲದೆ ಬದುಕುತ್ತಿರುತ್ತದೆ. ಅವರು ಯಾರನ್ನೂ ದೂರುವುದಿಲ್ಲ, ಮರುಕ ಕೇಳುವುದಿಲ್ಲ, ವರ್ಷ ವರ್ಷವೂ ಕರೆದ ಕೋಣೆಗೆ ಹೋಗಿ ತಮ್ಮ ಕುರ್ಚಿ ತಮ್ಮದೇ ಎಂದು ರುಜುವಾತು ಮಾಡಿ ಬರುತ್ತಾರೆ. ನಾವು ನಮ್ಮ ಕುರ್ಚಿಯಲ್ಲಿ ಕೂತದ್ದು ಯಾವ ಪರೀಕ್ಷೆ ಕೊಟ್ಟು ಎಂದು ಕೇಳಿದರೆ, ಉತ್ತರಕ್ಕೆ ಮೂವತ್ತು ನಿಮಿಷ ಸಾಲುವುದಿಲ್ಲ.